ನಡುವಿನ ಜಾಗ

ಆಗ ನನಗೆ ಐವತ್ತೊಂಬತ್ತು ಅಂತ ಆಧಾರ್ ಕಾರ್ಡು ಹೇಳುತ್ತಿತ್ತು. ನಮ್ಮವ್ವ ಇದ್ದಿದ್ದರೆ ಬೇರೆ ಹೇಳುತ್ತಿದ್ದಳೋ ಏನೋ. ಅದಾಗಿ ಈಗ ನಾಲ್ಕು ವರ್ಷ. ಶಹಾಬಾದಿನಿಂದ ವಾಡಿಗೆ ಹೋಗುವಾಗ ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಗಳು ಕಾಣುತ್ತವಲ್ಲ, ಅವುಗಳ ಪೈಕಿ ಒಂದರಲ್ಲಿ ನಾನು ರಾಡಿ ಎತ್ತುತ್ತಿದ್ದೆ. ಯಾವುದು ಅಂತ ಹೇಳುವುದಿಲ್ಲ. ಎಲ್ಲವೂ ಒಂದೇ ಥರ ಇವೆ, ಯಾವುದನ್ನು ನೆನೆಸಿಕೊಂಡರೂ ನಡೆಯುತ್ತದೆ.

ರಾಡಿ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗರಗಸ ಕಲ್ಲು ಕೊಯ್ಯುವಾಗ ಮೇಲಿನಿಂದ ನೀರು ಬಿಡುತ್ತಾರೆ. ಕಲ್ಲಿನ ಪುಡಿ ಆ ನೀರಿನಲ್ಲಿ ಕಲಸಿಕೊಂಡು ಅಂಬಲಿಯಂತೆ ಹರಿದು ಹೋಗಿ ಗುಂಡಿಗೆ ಬೀಳುತ್ತದೆ. ನೀರು ಬಸಿದು ತಳದಲ್ಲಿ ನಿಂತದ್ದೇ ರಾಡಿ. ನೋಡಲು ಬೆಣ್ಣೆಯ ಹಾಗೆ ನುಣ್ಣಗೆ, ಎತ್ತಲು ಹೋದರೆ ಸೊಂಟ ಮುರಿಯುತ್ತದೆ. ಗುಂಡಿ ತುಂಬಿದರೆ ಗರಗಸ ನಿಲ್ಲಿಸಬೇಕು. ಗರಗಸ ನಿಂತರೆ ಆಳುಗಳನ್ನು ದುಡಿಸುವ ಮುಕಾದಮನ ಬಾಯಿ ಶುರುವಾಗುತ್ತದೆ. ಹೀಗಾಗಿ ಗುಂಡಿ ತುಂಬುವ ಮುಂಚೆ ನಾವು ಹೆಂಗಸರು ಸಾಲಾಗಿ ನಿಂತು ಕಬ್ಬಿಣದ ಬುಟ್ಟಿಯಲ್ಲಿ ರಾಡಿಯನ್ನು ಕೈಯಿಂದ ಕೈಗೆ ದಾಟಿಸಿ, ಗೋಡೆಯ ಹತ್ತಿರದ ದಿಬ್ಬಕ್ಕೆ ಹಾಕಬೇಕಿತ್ತು. ಒಬ್ಬಳು ಗುಂಡಿಯ ಬಾಯಲ್ಲಿ ಬಗ್ಗಿ ತುಂಬುತ್ತಾಳೆ. ಇನ್ನೊಂದು ತುದಿಯವಳು ದಿಬ್ಬದ ಮೇಲಕ್ಕೆ ಎಸೆಯುತ್ತಾಳೆ. ಎರಡು ತುದಿಯ ಕೆಲಸವೂ ಕಠಿಣ. ನಡುವೆ ನಿಂತವಳಿಗೆ ಮಾತ್ರ ಬಗ್ಗುವುದೂ ಇಲ್ಲ, ಎತ್ತುವುದೂ ಇಲ್ಲ. ಬಂದ ಬುಟ್ಟಿ ಹಿಡಿ, ತಿರುಗು, ಕೊಡು. ಅಷ್ಟೇ.

ಆ ನಡುವಿನ ಜಾಗಕ್ಕೆ ನಮ್ಮಲ್ಲಿ ಒಂದು ರೀತಿ ಇತ್ತು. ಯಾರಿಗೆ ಆಗುವುದಿಲ್ಲವೋ ಅವಳು ಬೆಳಿಗ್ಗೆ ಬಂದವಳೇ ಸುಮ್ಮನೆ ಹೋಗಿ ನಡುವೆ ನಿಲ್ಲುತ್ತಿದ್ದಳು. ಜ್ವರವೋ, ತಿಂಗಳ ನೋವೋ, ಹಿಂದಿನ ದಿನ ಗಂಡ ಬಡಿದಿದ್ದಾನೋ, ಯಾರೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಬಲಗಡೆಯವಳು ಅರ್ಧ ಹೆಜ್ಜೆ ಮುಂದೆ ಬಂದು ಬುಟ್ಟಿಯನ್ನು ಕೆಳಗೆ ಇಳಿಸಿ ಕೊಡುತ್ತಿದ್ದಳು, ಎಡಗಡೆಯವಳು ಅರ್ಧ ಹೆಜ್ಜೆ ಹತ್ತಿರ ಬಂದು ಇಸಿದುಕೊಳ್ಳುತ್ತಿದ್ದಳು. ಇದರ ಬಗ್ಗೆ ಬಾಯಿ ಬಿಡುವುದು ನಾಚಿಕೆಗೇಡು ಅಂತ ಎಲ್ಲರಿಗೂ ಗೊತ್ತಿತ್ತು. ಇದನ್ನು ದೊಡ್ಡ ದಯೆ ಅಂತ ತಿಳಿಯಬೇಡಿ. ಸಾಲಿನಲ್ಲಿ ಒಬ್ಬಳು ಬಿದ್ದರೆ ಸಾಲೇ ನಿಲ್ಲುತ್ತದೆ, ಎಲ್ಲರೂ ಬೈಸಿಕೊಳ್ಳಬೇಕಾಗುತ್ತದೆ. ಒಂದು ಬೇಸಿಗೆಯಲ್ಲಿ ಒಬ್ಬಳು ಬವಳಿ ಬಂದು ಬಿದ್ದಾಗ ನಾವು ಅವಳನ್ನು ಕಾಲು ಹಿಡಿದು ನೆರಳಿಗೆ ಎಳೆದು ಹಾಕಿ ಮತ್ತೆ ಬಂದು ಸಾಲಿಗೆ ನಿಂತಿದ್ದೆವು. ಎಚ್ಚರವಾದ ಮೇಲೆ ತಾನೇ ಎದ್ದು ನೀರು ಕುಡಿದು ಬಂದಳು. ಬಂದು ನಡುವೆ ನಿಂತಳು.

ನಾನು ಆ ಜಾಗಕ್ಕೆ ಹೋದದ್ದು ಭುಜದ ಸಲುವಾಗಿ. ಅದಕ್ಕೂ ಮುಂಚೆ ನಾನು ಗುಂಡಿಯ ಬಾಯಲ್ಲೇ ನಿಲ್ಲುತ್ತಿದ್ದೆ. ನನ್ನ ಹಾಗೆ ಬುಟ್ಟಿ ತುಂಬುವವಳು ಇರಲಿಲ್ಲ. ಒಮ್ಮೆ ಲಾರಿಗೆ ಕಲ್ಲು ಹೇರಲು ಆಳು ಸಾಲದೆ ನಮ್ಮನ್ನು ಕರೆದರು. ಹಸಿ ಕಲ್ಲು ಜಾರಿತು. ತಲೆ ತಪ್ಪಿಸಿದೆ, ಭುಜಕ್ಕೆ ಬಿತ್ತು. ಚಿತ್ತಾಪುರದ ಹತ್ತಿರ ಎಲುಬು ಕಟ್ಟುವವನೊಬ್ಬ ಎಣ್ಣೆ ಹಚ್ಚಿ ಬಿದಿರು ಕಟ್ಟಿದ. ನೋವು ಹೋಯಿತು, ಬಲಗೈ ಮಾತ್ರ ಎದೆಯ ಮಟ್ಟದಿಂದ ಮೇಲೆ ಏಳದೇ ಹೋಯಿತು. ಈಗಲೂ ಎಡಗೈಯಿಂದಲೇ ತಲೆ ಬಾಚಿಕೊಳ್ಳುತ್ತೇನೆ. ಅವತ್ತಿನಿಂದ ನಡುವಿನ ಜಾಗ ನನ್ನದೇ ಆಯಿತು. ಬೇರೆಯವರಿಗೆ ಅದು ಒಂದು ದಿನದ್ದು, ಎರಡು ದಿನದ್ದು. ನನಗೆ ಎಲ್ಲಾ ದಿನದ್ದು. ಬೇರೆ ಯಾವಳಿಗಾದರೂ ಆಗದಿದ್ದರೆ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು, ಮುಖ ಗಂಟು ಹಾಕಿಕೊಂಡು.

ನನ್ನ ಬಲಗಡೆ ನಿಲ್ಲುತ್ತಿದ್ದವಳು ಚಿಮ್ಮನಚೋಡದಿಂದ ಮದುವೆಯಾಗಿ ಬಂದ ಹುಡುಗಿ. ಕೂಸಿನ ತಾಯಿ, ಬಾಯಿ ತೆರೆದರೆ ನಗು, ಬುದ್ಧಿ ಸ್ವಲ್ಪ ಕಡಿಮೆ. ಎಡಗಡೆ ನಿಲ್ಲುತ್ತಿದ್ದವಳು ಶಹಾಬಾದಿನವಳು, ನನ್ನದೇ ವಾರಿಗೆಯವಳು. ಸೇಡಂ ಕಡೆ ಕಲ್ಲು ಒಡೆಯುವಾಗಿನಿಂದ ಅವಳೂ ನಾನೂ ಕೂಡಿಯೇ ದುಡಿದವರು. ಅವಳಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಎದುರಿಗೆ ನಿಂತವರು ಹೆಣ್ಣೋ ಗಂಡೋ ಅಂತ ದನಿಯಿಂದ ತಿಳಿಯುತ್ತಿದ್ದಳು. ಇದು ನನಗೊಬ್ಬಳಿಗೆ ಗೊತ್ತು. ಹೀಗಾಗಿ ಪ್ರತಿ ಬುಟ್ಟಿಗೂ ನಾನು "ಬಂತು" ಅನ್ನುತ್ತಿದ್ದೆ. ಅಂದ ಕೂಡಲೇ ಅವಳ ಎರಡೂ ಕೈ ಮುಂದೆ ಬರುತ್ತಿದ್ದವು, ಬುಟ್ಟಿ ಅದರೊಳಗೆ ಕೂಡುತ್ತಿತ್ತು. ನನ್ನನ್ನು ಆಯಿ, ಅಂದರೆ ಅಜ್ಜಿ, ಅನ್ನುತ್ತಿದ್ದ ಉಳಿದವರು ಅದನ್ನು ನನ್ನ ಚಟ ಅಂತ ತಿಳಿದಿದ್ದರು. "ಆಯಿ ಬಸ್ ಸ್ಟ್ಯಾಂಡಿನಾಗ ಇದ್ದಿದ್ರ ಚಲೋ ಇತ್ತು, ಬಂತು ಬಂತು ಅಂತ ಒದರಲಿಕ್ಕೆ" ಅಂತ ನಗುತ್ತಿದ್ದರು.

ಆ ವರ್ಷ ಕಾರ್ಖಾನೆ ಮಾರಾಟವಾಯಿತು. ಹೈದರಾಬಾದಿನ ಯಾರೋ ಕೊಂಡರು. ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಗೊತ್ತಾಗದು. ಮುಕಾದಮನನ್ನು ಕೇಳಿದರೆ, "ನನ್ನೇ ಇಡ್ತಾರೋ ಇಲ್ಲೋ ನಂಗ ಗೊತ್ತಿಲ್ಲ, ನಿಮ್ಮದೇನ್ ಹೇಳ್ಲಿ" ಅನ್ನುತ್ತಿದ್ದ. ದಿನಕ್ಕೊಂದು ಸುದ್ದಿ. ರಾಡಿಗೆ ಮೋಟರ್ ತರುತ್ತಾರಂತೆ. ಇಲ್ಲ, ಬಿಹಾರದವರನ್ನು ತರುತ್ತಾರಂತೆ. ಅರ್ಧ ಮಂದಿ ಸಾಕಂತೆ. ಅದರ ಮೇಲೆ ಹೊಸ ಮ್ಯಾನೇಜರ್ ಬಂದು ಎರಡು ಗರಗಸ ಹೆಚ್ಚು ಹಾಕಿಸಿದ. ಗುಂಡಿ ಬೇಗ ಬೇಗ ತುಂಬತೊಡಗಿತು. ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದೆವು. ಆದರೂ ಯಾರೂ ದಣಿದೆ ಅನ್ನುತ್ತಿರಲಿಲ್ಲ. ಅಂದವಳ ಹೆಸರೇ ಮೊದಲು ಹೋಗುತ್ತದೆ ಅಂತ ಭಯ. ನಡುವಿನ ಜಾಗದ ಪಕ್ಕಕ್ಕೂ ಯಾರೂ ಬರದೇ ಹೋದರು. ಜ್ವರ ಬಂದವಳೂ ಗುಂಡಿಯ ಬಾಯಿಗೇ ಹೋಗಿ ನಿಲ್ಲುತ್ತಿದ್ದಳು, ಮ್ಯಾನೇಜರಿಗೆ ಕಾಣಲಿ ಅಂತ.

ನನಗೆ ಆ ಕೆಲಸ ಯಾಕೆ ಬೇಕಿತ್ತು ಅಂತ ಹೇಳಿಬಿಡುತ್ತೇನೆ, ಸುತ್ತು ಬಳಸುವುದು ಬೇಡ. ನಮ್ಮ ಮನೆಯಲ್ಲಿ ದುಡಿಯಲು ಹೋಗುವವರ ತಟ್ಟೆಗೆ ಮೊದಲು ರೊಟ್ಟಿ ಬೀಳುತ್ತದೆ. ಬಿಸಿದು, ಉಬ್ಬಿದ್ದು. ಅದು ನಾನೇ ಹಾಕಿದ ಪದ್ಧತಿ. ನಮ್ಮತ್ತೆ ಹಾಸಿಗೆ ಹಿಡಿದಾಗ ಅವಳಿಗೆ ಕೊನೆಯ ರೊಟ್ಟಿ ಕೊಡುತ್ತಿದ್ದವಳು ನಾನೇ, ಅದೂ ಹಂಚು ಆರಿದ ಮೇಲಿನದು. ಸೊಸೆ ಹೊಸದಾಗಿ ಬಂದಾಗ ಇದನ್ನು ನೋಡಿ ಕಲಿತಿದ್ದಾಳೆ. ಅವಳು ಜಾಣೆ, ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ. ನಾನು ದುಡಿಯುತ್ತಿದ್ದಷ್ಟು ದಿನ ಮನೆಯಲ್ಲಿ ನನ್ನ ಮಾತಿಗೆ ಬೆಲೆ, ನನ್ನ ಹಾಸಿಗೆ ಒಳಗೆ. ಬಿಟ್ಟ ದಿನ ನಾನು ಬಾಗಿಲ ಹತ್ತಿರ ನಾಯಿ ಓಡಿಸುವ ಮುದುಕಿ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಜಗಳವೇನೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಗರಗಸ ನಿಲ್ಲಿಸಿದರು. ಹಬ್ಬಕ್ಕೂ ನಿಲ್ಲಿಸದವರು ನಿಲ್ಲಿಸಿದ್ದಾರೆ ಅಂದರೆ ಯಾರೋ ಸತ್ತಿರಬೇಕು ಅಂದುಕೊಂಡೆವು. ಮುಕಾದಮ ಬಂದ.

"ಎಲ್ಲಾರೂ ಕೈಕಾಲು ತೊಳ್ಕೊಂಡು ಶೆಡ್ಡಿಗಿ ನಡೀರಿ. ಮೇಡಮ್ಮಾರು ಬಂದಾರ. ನಿಮ್ಮ ದಣಿವು ಇಳಸ್ತಾರಂತ."

ಗುಂಡಿಯ ಬಾಯಲ್ಲಿ ನಿಲ್ಲುವ ದಪ್ಪನೆಯವಳು ಕೇಳಿದಳು: "ಯಾಕ, ರಾಡಿ ಅವರ ಎತ್ತತಾರೇನು?"

"ಬಾಯಿ ಮುಚ್ಚು. ಕಲ್ಲು ಕೊಳ್ಳೋ ಹೊರದೇಶದವ್ರು ಕೇಳ್ಯಾರಂತ, ಕೆಲ್ಸದವ್ರು ಹ್ಯಾಂಗ ಇದ್ದಾರ ಅಂತ. ಫೋಟೋ ಕಳಸ್ಬೇಕಂತ. ನಕ್ಕೋತ ಕುಂದ್ರಿ."

ಶೆಡ್ಡಿನಲ್ಲಿ ಜಮಖಾನೆ ಹಾಸಿದ್ದರು. ಮಿರ್ಚಿ ಭಜಿ, ಮಂಡಕ್ಕಿಯ ಸುಸಲಾ, ಬಾಳೆಹಣ್ಣು ತರಿಸಿಟ್ಟಿದ್ದರು. ಮೇಡಂ ಚಿಕ್ಕ ವಯಸ್ಸಿನವಳು, ಬೆಂಗಳೂರಿನ ಮಾತು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಾವು ಹುಷಾರಾಗಿರುತ್ತಿದ್ದೆವು. ಎಲ್ಲರನ್ನೂ ದುಂಡಗೆ ಕೂರಿಸಿ ತಾನೂ ನೆಲದ ಮೇಲೆ ಕುಳಿತಳು. ಮ್ಯಾನೇಜರ್ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತ.

"ಮೊದಲು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಬಿಡಿ" ಅಂದಳು ಮೇಡಂ. ಮುಚ್ಚಿದೆವು. ಸ್ವಲ್ಪ ಹೊತ್ತಿಗೆ ದಪ್ಪನೆಯವಳು ಗೊರಕೆ ಹೊಡೆದಳು. ಎಲ್ಲರೂ ನಕ್ಕರು, ಮ್ಯಾನೇಜರ್ ಒಬ್ಬ ನಗಲಿಲ್ಲ.

"ನಾಳೆ ಏನಾಗುತ್ತೋ ಅನ್ನೋ ಚಿಂತೆ ಎಲ್ಲರಿಗೂ ಇರುತ್ತೆ" ಅಂದಳು ಮೇಡಂ. "ಅದನ್ನ ಒಳಗೇ ಇಟ್ಟುಕೊಂಡರೆ ದೇಹ ಇನ್ನೂ ದಣಿಯುತ್ತೆ. ಮನಸ್ಸು ಬಿಚ್ಚಿ ಮಾತಾಡಿ."

ನಾನೇ ಮೊದಲು ಅಂದೆ: "ಮೇಡಮ್ಮಾರ, ನಾಳಿ ಕೆಲ್ಸ ಅದನೋ ಇಲ್ಲೋ ಅಷ್ಟು ಹೇಳಿಬಿಡ್ರಿ. ಚಿಂತಿ ಈಗೇ ಇಳೀತದ."

ಅವಳು ಮ್ಯಾನೇಜರ್ ಕಡೆ ನೋಡಿದಳು. ಅವನು ಮೊಬೈಲು ನೋಡುತ್ತಿದ್ದ. "ಅದು ನನ್ನ ಕೈಲಿ ಇಲ್ಲ ಅಜ್ಜಿ" ಅಂದಳು. ಆಮೇಲೆ ಚೀಲದಿಂದ ಕೆಂಪು ಉಣ್ಣೆಯ ಉಂಡೆಯೊಂದನ್ನು ತೆಗೆದಳು. ಕೌದಿ ಹೊಲಿಯಲು ಕಲಿಸುತ್ತಾಳೋ ಅಂದುಕೊಂಡೆ. ಅದು ಆಟವಂತೆ. ಉಂಡೆ ಯಾರ ಕೈಯಲ್ಲಿದೆಯೋ ಅವರು, ತಾವು ಕೆಲಸದಲ್ಲಿ ಯಾರಿಗೆ ಸಹಾಯ ಮಾಡುತ್ತೇವೆ, ಏನು ಮಾಡುತ್ತೇವೆ ಅಂತ ಹೇಳಬೇಕು. ದಾರವನ್ನು ಬೆರಳಿಗೆ ಸುತ್ತಿಕೊಂಡು, ಉಂಡೆಯನ್ನು ಆ ಸಹಾಯ ಪಡೆದವರಿಗೆ ಎಸೆಯಬೇಕು. ಕೊನೆಗೆ ಎಲ್ಲರೂ ಒಂದೇ ಬಲೆಯಲ್ಲಿ ಕೂಡಿಕೊಂಡಿರುತ್ತೇವೆ, ಯಾರೂ ಒಂಟಿ ಅಲ್ಲ ಅಂತ ಗೊತ್ತಾಗುತ್ತದೆ.

ಉಂಡೆಯನ್ನು ಮೊದಲು ಚಿಮ್ಮನಚೋಡದ ಹುಡುಗಿಗೆ ಕೊಟ್ಟಳು, ನಗುಮುಖ ನೋಡಿ.

ಆ ಹುಡುಗಿ ನನ್ನ ಕಡೆ ನೋಡಿದಳು. ಪ್ರೀತಿಯಿಂದಲೇ ನೋಡಿದಳು, ಅದರಲ್ಲಿ ಸುಳ್ಳಿಲ್ಲ. "ನಾ ನಮ್ಮ ಆಯಿಗಿ ಮಾಡ್ತೀನ್ರಿ. ಆಯಿ ಭುಜಕ್ಕ ಪೆಟ್ಟಾಗ್ಯಾದ್ರಿ. ಅದಕ್ಕ ನಾ ಬುಟ್ಟಿ ಕೆಳಗಿಳಿಸಿ ಕೊಡ್ತೀನ್ರಿ. ನನ್ನ ಹೊಟ್ಟ್ಯಾಗ ಕೂಸಿದ್ದಾಗ ಆಯಿನೇ ನಂಗ ಜಾಗ ಬಿಟ್ಟು ಕೊಟ್ಟಿದ್ಲ್ರಿ." ಅಂದು ಉಂಡೆ ಎಸೆದಳು.

ಯಾವ ಮಾತನ್ನು ಯಾರೂ ಯಾವತ್ತೂ ಬಾಯಿ ಬಿಟ್ಟು ಆಡಿರಲಿಲ್ಲವೋ ಆ ಮಾತು ಹೀಗೆ ಜಮಖಾನೆಯ ಮೇಲೆ ಬಿತ್ತು. ಮೇಡಂ ಚಪ್ಪಾಳೆ ತಟ್ಟಿದಳು. "ನೋಡಿ, ಎಷ್ಟು ಚೆನ್ನಾಗಿದೆ!" ಮ್ಯಾನೇಜರ್ ಮೊಬೈಲಿನಿಂದ ತಲೆ ಎತ್ತಿದ. ಹುಡುಗಿಯ ಗಟ್ಟಿ ತೋಳು ನೋಡಿ ಒಮ್ಮೆ ತಲೆ ಆಡಿಸಿದ. ಅಷ್ಟೇ. ಆದರೆ ಅವನು ತಲೆ ಆಡಿಸಿದ್ದನ್ನು ಎಲ್ಲರೂ ನೋಡಿದರು.

ಉಂಡೆ ನನ್ನ ಕೈಯಲ್ಲಿತ್ತು. ನಾನು ಮೇಡಂ ಕಡೆಗೇ ಎಸೆದೆ. "ನಿಮಗ ಸಹಾಯ ಮಾಡ್ತೀನ್ರಿ ಮೇಡಮ್ಮಾರ. ಆಟ ಮುಗಸ್ರಿ, ಭಜಿ ಆರಲಿಕತ್ತಾವ."

ಅವಳು ನಕ್ಕು ತಿರುಗಿ ಕೊಟ್ಟಳು. "ನನಗಲ್ಲ ಅಜ್ಜಿ, ನಿಮ್ಮ ಜೊತೆಯವರಿಗೆ."

ದಪ್ಪನೆಯವಳಿಗೆ ಎಸೆದೆ. "ಇಕಿ ಜಂಪರ್ ಹಿಂದ ಹರದಿತ್ತು, ಹೇಳ್ದೆ. ಇಲ್ದಿದ್ರ ವಾಡಿ ತನಕ ಹಂಗೇ ಹೋಗ್ತಿದ್ಲು." ಎಲ್ಲರೂ ನಕ್ಕರು. ಈ ನಗುವಿನಲ್ಲಿ ಮಾತು ಬೇರೆ ಕಡೆ ಹೊರಳಲಿ ಅಂತ ನನ್ನ ಆಸೆ.

ದಪ್ಪನೆಯವಳು ನಗಲಿಲ್ಲ. ಉಂಡೆ ಹಿಡಿದು ಮ್ಯಾನೇಜರ್ ಕಡೆ ತಿರುಗಿ ಕುಳಿತಳು, ಮೇಡಂ ಕಡೆ ಅಲ್ಲ. "ಗುಂಡ್ಯಾಗಿಂದ ಎತ್ತೋದು ಮೊದಲು ಈ ಮುದುಕಿದೇ ಕೆಲ್ಸ ಇತ್ತ್ರಿ ಸಾಹೇಬ್ರ. ಈಗ ಅಕಿದೂ ನಾನೇ ಎತ್ತತೀನ್ರಿ, ನಂದೂ ನಾನೇ ಎತ್ತತೀನ್ರಿ. ನಂಗೇನೂ ಆಗಿಲ್ಲ್ರಿ, ಇನ್ನೂ ಎತ್ತತೀನಿ." ಅಂದು ಉಂಡೆಯನ್ನು ನನಗೇ ತಿರುಗಿ ಎಸೆದಳು. ಅವಳ ಗಂಡ ಕುಡುಕ, ಮೂರು ಹೆಣ್ಣುಮಕ್ಕಳು. ಅದು ಬೇರೆ ಮಾತು. ಎಲ್ಲರಿಗೂ ಒಂದೊಂದು ಬೇರೆ ಮಾತು ಇದ್ದೇ ಇರುತ್ತದೆ.

ಆಮೇಲೆ ಉಳಿದವರಿಗೂ ದಾರಿ ಸಿಕ್ಕಿತು ನೋಡಿ. ನಾನು ಯಾರಿಗೆ ಎಸೆದರೂ ಉಂಡೆ ನನಗೇ ತಿರುಗಿ ಬರತೊಡಗಿತು. ಒಬ್ಬಳು ನನ್ನ ನೀರಿನ ಕೊಡ ತಾನೇ ತರುತ್ತೇನೆ ಅಂದಳು. ಹಬ್ಬದ ಹಿಂದಿನ ದಿನ ಒಂದೇ ಒಂದು ಸಲ ತಂದಿದ್ದಳು. ಒಬ್ಬಳು ನಾನು ಕುಳಿತಾಗ ನನ್ನ ಪಾಲನ್ನೂ ದಾಟಿಸುತ್ತೇನೆ ಅಂದಳು. ಅವಳು ನಿಲ್ಲುತ್ತಿದ್ದದ್ದು ನನ್ನಿಂದ ನಾಲ್ಕಾಳು ದೂರ, ನನ್ನ ಜಾಗಕ್ಕೆ ಅವಳ ಕೈ ಎಟಕುವುದೇ ಇಲ್ಲ. ದಿಬ್ಬದ ಮೇಲೆ ಎಸೆಯುವವಳು, "ಆಯಿ ಮುಂಜಾನೆ ಎದ್ದು ಬರೂದೇ ದೊಡ್ಡದ್ರಿ, ಬಂದು ನಿಂತ್ರ ಸಾಕು, ಉಳಿದಿದ್ದು ನಾವು ನೋಡ್ಕೋತೀವಿ" ಅಂದಳು. ಕನಿಕರದ ಮಾತಿನ ಹಾಗೆಯೇ ಇತ್ತು. ಇವರೆಲ್ಲ ಒಂದಲ್ಲ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಬಂದು ಆ ನಡುವಿನ ಜಾಗದಲ್ಲಿ ನಿಂತವರೇ. ಈಗ ಒಬ್ಬೊಬ್ಬಳೂ ತಾನು ಎರಡಾಳಿನ ಕೆಲಸ ಮಾಡುತ್ತೇನೆ ಅಂತ ಸಾಬೀತು ಮಾಡಬೇಕಿತ್ತು. ಅದಕ್ಕೆ ಅರ್ಧ ಆಳು ಒಬ್ಬಳು ಬೇಕಲ್ಲ, ನಾನು ಸಿಕ್ಕೆ. ಮ್ಯಾನೇಜರ್ ಪ್ರತಿ ಸಲ ತಲೆ ಆಡಿಸುತ್ತಿದ್ದ. ಮೇಡಂ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ನನ್ನ ಎಡಗಡೆಯವಳನ್ನು ನಾನು ಕೊನೆಗೆ ಇಟ್ಟಿದ್ದೆ. ಅವಳೊಬ್ಬಳು ಉಳಿದಾಗ ಬೇರೆ ದಾರಿ ಇರಲಿಲ್ಲ. "ಇಕಿಗಿ ತಂಬಾಕು ಕೊಡ್ತೀನ್ರಿ" ಅಂದೆ. ಎಡಗೈ ಎತ್ತಿದೆ. ಅವಳಿಗೆ ಉಂಡೆ ಕಾಣುವುದಿಲ್ಲ, ಮುಖಕ್ಕೆ ಬಡಿದರೆ ಎಲ್ಲರಿಗೂ ತಿಳಿಯುತ್ತದೆ. "ಬಂತು" ಅಂದೆ, ಎಸೆದೆ. ಎರಡೂ ಕೈ ಮುಂದೆ ಬಂದವು, ಉಂಡೆ ಅದರೊಳಗೆ ಕುಳಿತಿತು.

"ಇಲ್ಲೂ ಬಸ್ ಬಂತು ನೋಡ್ರಿ" ಅಂದಳು ಯಾರೋ. ಮತ್ತೆ ನಗು.

ನನ್ನ ಗೆಳತಿ ಉಂಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಅದನ್ನು ಸವರಿದಳು. ಅವಳು ಏನಾದರೂ ಹಾಳು ಹರಟೆ ಹೇಳಿ ತಪ್ಪಿಸುತ್ತಾಳೆ ಅಂದುಕೊಂಡೆ. ಅವಳಿಗೆ ಬಾಯಿ ಇತ್ತು, ಇಡೀ ಸಾಲನ್ನು ನಗಿಸಬಲ್ಲಳು. ಬಾಗಿಲ ಕಡೆ ಮುಖ ಮಾಡಿ, ಮ್ಯಾನೇಜರ್ ಕುರ್ಚಿಯ ಸಪ್ಪಳ ಯಾವ ಕಡೆಯಿಂದ ಬಂದಿತ್ತೋ ಆ ಕಡೆಗೆ, ಹೇಳಿದಳು:

"ಅಕಿ ಬಲಗೈ ಮ್ಯಾಲ ಏಳಂಗಿಲ್ರಿ. ಎಲುಬು ಕೂಡೇ ಇಲ್ಲ. ನಾ ಅರ್ಧ ಹೆಜ್ಜಿ ಒಳಗ ಹೋಗಿ ಇಸ್ಕೋತೀನಿ, ಇಲ್ಲಂದ್ರ ಬುಟ್ಟಿ ನೆಲಕ್ಕೇ. ಇಷ್ಟು ದಿನ ಯಾರಿಗೂ ಹೇಳಿಲ್ರಿ. ನೀವು ಕೇಳಿದ್ರಿ ಅಂತ ಹೇಳ್ದೆ."

ನನ್ನ ದನಿ ಇದ್ದ ಕಡೆಗೆ ಎಸೆದಳು. ನನ್ನ ಮಡಿಲಿಗೇ ಬಿತ್ತು.

ಆಗ ಶೆಡ್ಡಿನಲ್ಲಿ ನೋಡಿದರೆ, ಅಷ್ಟೂ ಕೆಂಪು ದಾರ ನಾಲ್ಕು ದಿಕ್ಕಿನಿಂದ ಬಂದು ನನ್ನ ಬೆರಳಿಗೇ ಸುತ್ತಿಕೊಂಡಿತ್ತು. ಬಲೆಯೂ ಇಲ್ಲ, ಏನೂ ಇಲ್ಲ. ಒಂದು ಗೂಟಕ್ಕೆ ಎಲ್ಲ ಎಮ್ಮೆಗಳನ್ನೂ ಕಟ್ಟಿದ ಹಾಗಿತ್ತು. ಬೆರಳ ತುದಿ ಕಪ್ಪಗಾಗಿತ್ತು. ಮೇಡಂ ಎದ್ದು ನಿಂತು ಫೋಟೋ ಹೊಡೆದಳು. "ಅಜ್ಜಿ, ಎಲ್ಲರಿಗೂ ನಿಮ್ಮ ಮೇಲೆ ಎಷ್ಟು ಪ್ರೀತಿ ನೋಡಿ!"

ಮ್ಯಾನೇಜರ್ ಕುರ್ಚಿಯಿಂದ ಏಳದೆಯೇ ಕೇಳಿದ: "ಅಲ್ಲ, ಎಲ್ಲಾ ಇವರೇ ಮಾಡ್ತಾರೆ ಅಂದ್ರೆ, ಈ ಮುದುಕಿ ಮಾಡೋ ಕೆಲಸ ಏನು?"

ಒಬ್ಬಳು ಜಮಖಾನೆಯ ಎಳೆ ಕೀಳುತ್ತ ಕುಳಿತಳು. ಚಿಮ್ಮನಚೋಡದ ಹುಡುಗಿಗೆ ಆಗ ತಿಳಿಯಿತು, ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವುದು ಅವಳಿಗೆ ಸುಲಭ. ನಡುವೆ ನಿಲ್ಲುವ ಕಾಲ ಅವಳಿಗೂ ಇನ್ನೊಮ್ಮೆ ಬರುತ್ತದೆ, ಆಗ ಜಾಗ ಇರುವುದಿಲ್ಲ ಅಂತ ಅವಳಿಗೆ ಹೊಳೆದಿರಲಿಕ್ಕಿಲ್ಲ. ಮುಂದೆ ಹಾಗೆಯೇ ಆಯಿತಂತೆ, ಕೇಳಿದ್ದೇನೆ.

"ಕೊನೆಯದಾಗಿ ನೀವು ಹೇಳಿ ಅಜ್ಜಿ" ಅಂದಳು ಮೇಡಂ, ಆ ಮಾತನ್ನು ಮುಚ್ಚುವ ಹಾಗೆ. "ನೀವು ಎಲ್ಲರಿಗಿಂತ ಹೆಚ್ಚು ಯಾರಿಗೆ ಸಹಾಯ ಮಾಡ್ತೀರಿ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಇಕಿಗಿ ಕಣ್ಣು ಕಾಣಂಗಿಲ್ರಿ, ದಿನಾ ಇಕಿ ಕಣ್ಣು ನಾನೇ. ಇಷ್ಟು ಅಂದಿದ್ದರೆ ನನ್ನ ಕೆಲಸವೂ ಮ್ಯಾನೇಜರಿಗೆ ಕಾಣುತ್ತಿತ್ತು, ಅವಳೂ ನನ್ನ ಜೊತೆಗೆ ಗೇಟಿನ ಹೊರಗೆ ಬೀಳುತ್ತಿದ್ದಳು. ಅವಳು ನನ್ನ ಎದುರಿಗೆ ಕುಳಿತಿದ್ದಳು. ಏನೂ ಕಾಣದ ಕಣ್ಣು ಅಗಲಿಸಿ, ಉಸಿರು ಹಿಡಿದು, ನನ್ನ ದನಿಗೆ ಕಾಯುತ್ತಿದ್ದಳು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ನಾನು ಹೇಳಲಿಲ್ಲ. ದೊಡ್ಡ ಮನಸ್ಸು ಅಂತ ತಿಳಿಯಬೇಡಿ. ಹೇಳಿದರೆ ಮ್ಯಾನೇಜರ್ ಅವಳನ್ನೂ ತೆಗೆಯುತ್ತಾನೆ, ಅವಳು ಅವನನ್ನು ಬೈದುಕೊಂಡು ಮನೆಗೆ ಹೋಗುತ್ತಾಳೆ. ಹೇಳದಿದ್ದರೆ ನಾಳೆ ಅವಳು ಸಾಲಿನಲ್ಲಿ ನಿಲ್ಲುತ್ತಾಳೆ. ನಾನಿಲ್ಲದ ಸಾಲಿನಲ್ಲಿ. ಅದೇ ಆಗಲಿ ಅನ್ನಿಸಿತು.

"ಯಾರಿಗೂ ಇಲ್ರಿ" ಅಂದೆ. ದಾರ ಬಿಚ್ಚಿ ಕೆಳಗೆ ಹಾಕಿ, ಭಜಿ ತಿಂದೆ. ಎಲ್ಲರಿಗಿಂತ ಹೆಚ್ಚು ತಿಂದೆ.

ಕೆಲಸ ಬಿಡುವ ಹೊತ್ತಿಗೆ ಮುಕಾದಮ ಬಂದ. ನನ್ನ ಮುಖ ನೋಡದೆ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿಗಳಿರುವ ದಿಕ್ಕಿನ ಆಕಾಶ ನೋಡುತ್ತ ನಿಂತ.

"ಆಯಿ, ನಾಳಿಂದ ಬ್ಯಾಡ. ಸಾಹೇಬ್ರು ಹೇಳ್ಯಾರ, ವಯಸ್ಸಾಗ್ಯಾದ, ಅರಾಮ ಮಾಡ್ಲಿ ಅಂತ."

"ಅರಾಮ ಮಾಡ್ಲಿ ಅಂತ ಅಂದ್ರಾ?"

"ಹ್ಞೂಂ. ಹಂಗೇ ಅಂದ್ರು."

"ನಿನ್ನ ಅವ್ವ ಅರಾಮ ಅದಾಳೇನು ಮನ್ಯಾಗ?"

"ಅಕಿ ಸತ್ತು ಭಾಳ ದಿನ ಆಯ್ತು."

"ಹಂಗಾರ ಅರಾಮನೇ ಅದಾಳ ಬಿಡು."

ನಲ್ಲಿಯ ಹತ್ತಿರ ಕೈ ತೊಳೆಯುವಾಗ ನನ್ನ ಗೆಳತಿ ಗೋಡೆ ಹಿಡಿದುಕೊಂಡು ಬಂದಳು. ನನ್ನ ಬಳೆಯ ಸಪ್ಪಳ ಕೇಳಿ ನಿಂತಳು.

"ಅಕ್ಕಾ, ನಂದೂ ಹೊಟ್ಟಿ ಅದ."

"ಹೊಟ್ಟಿ ಎಲ್ಲಾರಿಗೂ ಅದ. ನಾಯಿಗೂ ಅದ."

"ಸಿಟ್ಟಾಗಬ್ಯಾಡ. ಎಲ್ಲಾರೂ ಅಂದ್ರು, ನಾ ಒಬ್ಬಾಕಿ ಅನ್ನಲಿಲ್ಲಂದ್ರ ಯಾಕ ಅನ್ನಲಿಲ್ಲ ಅಂತ ನನ್ನ ಮ್ಯಾಲ ಕಣ್ಣು ಬೀಳ್ತಿತ್ತು."

"ಸಿಟ್ಟಿಲ್ಲ. ಒಂದ್ ಮಾತು ಕೇಳ್ತೀನಿ. ನಾಳಿ 'ಬಂತು' ಅಂತ ಯಾರು ಅಂತಾರ?"

ಅವಳು ಇದನ್ನು ಮೊದಲೇ ಯೋಚಿಸಿದ್ದಳು ಅಂತ ಕಾಣುತ್ತದೆ. "ಆ ಹುಡುಗಿ ನನ್ನ ಬಲಕ್ಕ ಬರ್ತಾಳ. ಅಕಿ ಕಾಲ್ಗೆಜ್ಜಿ ಸಪ್ಪಳ ಕೇಳಿ ಹಿಡೀತೀನಿ" ಅಂದಳು.

"ಹಿಡಿ" ಅಂದೆ. ತಂಬಾಕಿನ ಚೀಲ ಸೊಂಟದಲ್ಲಿತ್ತು, ಅವಳು ಕೈ ಚಾಚಿ ನಿಂತಿದ್ದಳು, ದಿನದ ಹಾಗೆ. ಕೊಡಲಿಲ್ಲ.

ಮನೆಗೆ ಹೋಗಿ ಸೊಸೆಗೆ ಹೇಳಿದೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳು ಹಿಟ್ಟು ನಾದುತ್ತಿದ್ದಳು.

"ಅಯ್ಯೋ, ಬಿಡ್ರಿ ಅತ್ತಿ. ಇಷ್ಟು ದಿನ ದುಡದ್ರಿ. ಇನ್ನ ಕುಂದ್ರಿ" ಅಂದಳು. ನಾದುವ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಪಕ್ಕದಲ್ಲಿದ್ದ ಒಣ ಹಿಟ್ಟಿನಿಂದ ಒಂದು ಹಿಡಿ ತೆಗೆದು ತಿರುಗಿ ಡಬ್ಬಿಗೆ ಹಾಕಿದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಮರುದಿನ ಬೆಳಿಗ್ಗೆ ಮೊದಲ ರೊಟ್ಟಿ ಮಗನ ತಟ್ಟೆಗೆ ಬಿತ್ತು, ಎರಡನೆಯದೂ ಅವನಿಗೇ. ನಾನು ಕಾಯಲಿಲ್ಲ. ದಿನದ ಹೊತ್ತಿಗೇ ಎದ್ದು, ದಿನದ ಸೀರೆಯನ್ನೇ ಉಟ್ಟು, ಕಾರ್ಖಾನೆಯ ದಾರಿ ಹಿಡಿದೆ. ಗೇಟಿನ ಕಡೆ ಹೋಗಲಿಲ್ಲ. ಸುತ್ತಿಕೊಂಡು ಹಿಂಭಾಗಕ್ಕೆ ಹೋದೆ. ಅಲ್ಲಿ ದಿಬ್ಬದ ಆಚೆ ಗೋಡೆ, ಗೋಡೆಯ ಈಚೆ ಒಂದು ಜಾಲಿಯ ಗಿಡ, ಮುರಿದ ಫರಸಿಯ ರಾಶಿ. ಒಂದು ಚಪ್ಪಟೆ ಕಲ್ಲು ನೋಡಿ ಕುಳಿತೆ. ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡೆ.

ಗರಗಸ ಶುರುವಾಯಿತು. ಮುಕಾದಮನ ಬೈಗುಳ ಶುರುವಾಯಿತು. ಆಮೇಲೆ ಸಾಲು ನಿಂತ ಸಪ್ಪಳ, ಬಳೆ, ಕೆಮ್ಮು, ಮೊದಲ ಬುಟ್ಟಿ ಗುಂಡಿಯ ಕಟ್ಟೆಗೆ ತಾಗಿದ ಟಣ್ ಅನ್ನುವ ದನಿ. ಬುಟ್ಟಿ ಎಲ್ಲಿಗೆ ಬಂತು ಅಂತ ಗೋಡೆಯ ಈಚೆಯಿಂದಲೇ ನನಗೆ ತಿಳಿಯುತ್ತಿತ್ತು. ಮೊದಲನೆಯದು ದಾಟಿತು. ಅವಳು ಖರೇನೇ ಗೆಜ್ಜೆಯ ಮೇಲೆ ಹಿಡಿದಿದ್ದಳು. ಇನ್ನೊಂದು ದಾಟಿತು, ಮತ್ತೊಂದು. ನನ್ನ ಬಾಯಿ ಅದರ ಪಾಡಿಗೆ ಅದು "ಬಂತು" ಅನ್ನಲು ತೆರೆಯುತ್ತಿತ್ತು. ತಂಬಾಕಿನ ಮೇಲೆ ತುಟಿ ಬಿಗಿದು ಮುಚ್ಚಿಕೊಂಡೆ.

ಅಷ್ಟರಲ್ಲಿ ಆಚೆ ಬದಿಯ ಎರಡು ಹೊಸ ಗರಗಸಗಳನ್ನೂ ಶುರು ಮಾಡಿದರು. ಗೆಜ್ಜೆ ಎಲ್ಲಿ ಕೇಳಿಸುತ್ತದೆ. ಕಬ್ಬಿಣ ಕಲ್ಲಿನ ಮೇಲೆ ಬಿದ್ದ ಸದ್ದು ಬಂತು. ಅದರ ಹಿಂದೆಯೇ ಒಂದು ಚೀರಾಟ. ದನಿ ನನಗೆ ಗೊತ್ತು. ಕಾಲಿನ ಮೇಲೆ ಬಿದ್ದಿರಬೇಕು. "ಏ, ಕಣ್ಣು ಕಾಣಂಗಿಲ್ಲೇನ ನಿನಗ!" ಅಂತ ಮುಕಾದಮ ಒದರಿದ. ಸಾಲು ನಿಂತಿತು.

ತಂಬಾಕು ಉಗುಳಿದೆ. ಸೀರೆಗೆ ಹತ್ತಿದ ಕಲ್ಲಿನ ಧೂಳು ಕೊಡವಿಕೊಂಡು ಎದ್ದೆ. ರಸ್ತೆಗೆ ಬಂದು ಚಿತ್ತಾಪುರದ ಬಸ್ಸಿಗೆ ಎಡಗೈ ಅಡ್ಡ ಹಿಡಿದೆ. ಅಲ್ಲಿನ ತೊಗರಿಬೇಳೆ ಮಿಲ್ಲಿನಲ್ಲಿ ಕುಳಿತು ಬೇಳೆ ಹಸನು ಮಾಡಲು ಹೆಂಗಸರು ಬೇಕಾಗಿದ್ದಾರೆ ಅಂತ ಕೇಳಿದ್ದೆ. ಮಿಲ್ಲಿನವನು ಏನಾದರೂ ತೊಂದರೆ ಉಂಟೇನು ಅಂತ ಕೇಳಿದ. ಇಲ್ಲ ಅಂದೆ. ಮೊರವನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಸಾಲಿನ ನಡುವೆ ಹೋಗಿ ಕುಳಿತೆ.